ದೇವಿಯ ಮುಖ, ಬೆಳ್ಳಿಯ ತೂಕ



ಹಳೆಯ ನಾಣ್ಯವೊಂದನ್ನು ಕ್ಯಾಮೆರಾದಲ್ಲಿ ಸೆರೆಹಿಡಿಯುವುದು ಕಾಣುವಷ್ಟು ಸುಲಭದ ಕೆಲಸವಲ್ಲ. ದೀಪವನ್ನು ನೇರವಾಗಿ ಹಾಕಿದರೆ ಬೆಳ್ಳಿ ಥಳಥಳಿಸುತ್ತದೆ. ಆದರೆ ಅದರ ಮೇಲಿನ ಮುಖ ಮಾಯವಾಗುತ್ತದೆ. ದೀಪವನ್ನು ಪಕ್ಕಕ್ಕೆ ಸರಿಸಿ ಮೇಜಿನ ಮಟ್ಟಕ್ಕೆ ಇಳಿಸಿದಾಗ ಉಬ್ಬುಗಳ ನೆರಳು ಬೀಳುತ್ತದೆ. ಆಗ ಮೂಗು, ಕೆನ್ನೆ, ಮುಡಿ ಒಂದೊಂದಾಗಿ ಎದ್ದು ಬರುತ್ತವೆ. ಪ್ರಾಚೀನ ರೋಮಿನ ಬೆಳ್ಳಿ ನಾಣ್ಯಗಳನ್ನು ಕುರಿತ ಕಾರ್ಯಕ್ರಮವೊಂದಕ್ಕಾಗಿ ಹೀಗೆ ದೀಪ ಸರಿಸುತ್ತಾ ಕುಳಿತಿದ್ದಾಗ ನನಗೊಂದು ವಿಷಯ ಹೊಳೆಯಿತು. ಪಕ್ಕದ ಬೆಳಕಿನಲ್ಲಿ ನಾಣ್ಯದ ಮೇಲಿನ ಮಾತನ್ನು ಓದಬಹುದು. ಅದರ ಒಳಗಿನ ಲೋಹವನ್ನು ಓದಲಾಗುವುದಿಲ್ಲ. ಅದಕ್ಕೆ ತಕ್ಕಡಿ ಬೇಕು, ರಸಾಯನಶಾಸ್ತ್ರ ಬೇಕು. ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು ನಾನು. ಆದ್ದರಿಂದ ಈ ಎರಡೂ ಓದುಗಳನ್ನು ಒಟ್ಟಿಗೆ ನಿಮ್ಮ ಮುಂದಿಡಬೇಕೆನಿಸಿತು.

ಟಂಕಸಾಲೆಯ ದೇವಿ

ಮೊದಲು ಒಂದು ನಾಣ್ಯವನ್ನು ಎತ್ತಿಕೊಳ್ಳೋಣ. ಕ್ರಿ.ಪೂ. 46ರಲ್ಲಿ ರೋಮ್ ನಗರದಲ್ಲಿ ಟೈಟಸ್ ಕರೀಸಿಯಸ್ ಎಂಬ ಅಧಿಕಾರಿ ಹೊರಡಿಸಿದ ಬೆಳ್ಳಿ ನಾಣ್ಯವಿದು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ತೂಕ 4 ಗ್ರಾಂಗೆ ತುಸು ಕಡಿಮೆ. ಮುಮ್ಮುಖದಲ್ಲಿ ಒಬ್ಬ ದೇವಿಯ ತಲೆ, ಅದರ ಪಕ್ಕದಲ್ಲಿ ‘ಮೊನೇಟಾ’ ಎಂಬ ಅಕ್ಷರಗಳು. ತಿರುಗಿಸಿ ನೋಡಿ. ಹಿಮ್ಮುಖದಲ್ಲಿ ಸುತ್ತಿಗೆ, ಇಕ್ಕಳ ಮತ್ತು ಅಚ್ಚುಗಳಿವೆ. ಇವು ಆ ನಾಣ್ಯವನ್ನೇ ತಯಾರಿಸಿದ ಸಲಕರಣೆಗಳು!

ಅಂದು ನಾಣ್ಯ ತಯಾರಾಗುತ್ತಿದ್ದುದು ಹೀಗೆ. ಒಂದು ಅಚ್ಚನ್ನು ಅಡಿಗಲ್ಲಿನಲ್ಲಿ ಭದ್ರವಾಗಿ ಕೂರಿಸುತ್ತಿದ್ದರು. ಕಾಯಿಸಿದ ಬೆಳ್ಳಿಯ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ಅದರ ಮೇಲಿಡುತ್ತಿದ್ದರು. ಇನ್ನೊಂದು ಅಚ್ಚನ್ನು ಬಿಲ್ಲೆಯ ಮೇಲೆ ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಒಂದೇ ಏಟಿಗೆ ಎರಡು ಮುಖಗಳೂ ಮೂಡುತ್ತಿದ್ದವು. ಏಟು ಕೊಂಚ ಓರೆಯಾದರೆ ದೇವಿಯ ಮುಡಿಯೋ ಗಲ್ಲವೋ ಅಂಚಿನಾಚೆ ಹೋಗುತ್ತಿತ್ತು. ರೋಮಿನ ಎರಡು ನಾಣ್ಯಗಳು ತದ್ವತ್ ಒಂದೇ ರೀತಿ ಕಾಣದಿರಲು ಇದೇ ಕಾರಣ.

ಈ ಮೊನೇಟಾ ಯಾರು? ರೋಮನ್ನರ ಮಹಾದೇವಿಯಾದ ಜೂನೋಳಿಗೆ ಇದ್ದ ಹಲವು ಬಿರುದುಗಳಲ್ಲಿ ಇದೂ ಒಂದು. ಕ್ಯಾಪಿಟೊಲೈನ್ ಬೆಟ್ಟದ ಮೇಲೆ ಕ್ರಿ.ಪೂ. 344ರಲ್ಲಿ ಜೂನೋ ಮೊನೇಟಾಳ ದೇವಾಲಯದ ಪ್ರತಿಷ್ಠಾಪನೆ ಆಯಿತು. ಮುಂದೆ ರೋಮಿನ ಟಂಕಸಾಲೆ ಈ ದೇವಾಲಯಕ್ಕೆ ಹೊಂದಿಕೊಂಡು ಬೆಳೆಯಿತು. ಕ್ರಮೇಣ ‘ಮೊನೇಟಾ’ ಎಂದರೆ ಟಂಕಸಾಲೆ, ಕೊನೆಗೆ ನಾಣ್ಯ ಎಂದೇ ಅರ್ಥವಾಯಿತು. ನೀವು ಇಂಗ್ಲಿಷಿನಲ್ಲಿ ದಿನವೂ ಬಳಸುವ ‘ಮನಿ’, ‘ಮಿಂಟ್’ ಎಂಬ ಎರಡು ಪದಗಳೂ ಈ ದೇವಿಯ ಹೆಸರಿನಿಂದ ಹುಟ್ಟಿದವು. ಮೊನೇಟಾ ಎಂದರೆ ‘ಎಚ್ಚರಿಸುವವಳು’ ಎಂದು ರೋಮನ್ನರೇ ಅರ್ಥ ಹೇಳುತ್ತಿದ್ದರು. ಈ ಅರ್ಥವನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಇದು ನಮಗೆ ಬೇಕಾಗುತ್ತದೆ.

ಮುಂಭಾಗ ಯಾರಿಗೆ?

ಈ ಬೆಳ್ಳಿ ನಾಣ್ಯದ ಹೆಸರು ಡಿನೇರಿಯಸ್. ‘ಹತ್ತನ್ನು ಒಳಗೊಂಡದ್ದು’ ಎಂದು ಇದರ ಅರ್ಥ. ಮೊದಲಿಗೆ ಒಂದು ಡಿನೇರಿಯಸ್ ‘ಆಸ್’ ಎಂಬ ಹತ್ತು ಕಂಚಿನ ನಾಣ್ಯಗಳಿಗೆ ಸಮವಾಗಿತ್ತು. ಕಾರ್ತೇಜಿನ ಸೇನಾನಿ ಹ್ಯಾನಿಬಲ್ ಇಟಲಿಯೊಳಗೆ ನುಗ್ಗಿ ರೋಮನ್ನು ಕಂಗೆಡಿಸಿದ್ದ ಯುದ್ಧದ ದಿನಗಳಲ್ಲಿ, ಕ್ರಿ.ಪೂ. 211ರ ಸುಮಾರಿಗೆ ಇದು ಚಲಾವಣೆಗೆ ಬಂದಿತು. ಮೊದಲ ಡಿನೇರಿಯಸ್‌ಗಳ ಮುಮ್ಮುಖದಲ್ಲಿ ರೆಕ್ಕೆಯ ಶಿರಸ್ತ್ರಾಣ ಧರಿಸಿದ ರೋಮಾ ದೇವಿಯ ತಲೆಯಿದೆ. ನಗರವೇ ದೇವಿ, ಅವಳೇ ನಾಣ್ಯದ ಒಡತಿ. ಮನುಷ್ಯನ ಮುಖಕ್ಕೆ ಅಲ್ಲಿ ಜಾಗವಿರಲಿಲ್ಲ. ರೋಮ್ ಅಂದು ಗಣರಾಜ್ಯ. ಬದುಕಿರುವ ನಾಯಕನೊಬ್ಬ ನಾಣ್ಯದ ಮೇಲೆ ಕುಳಿತರೆ ಅವನು ರಾಜನಾಗಲು ಹೊರಟಿದ್ದಾನೆಂದೇ ಜನ ತಿಳಿಯುತ್ತಿದ್ದರು.

ನಾಣ್ಯ ಹೊಡೆಸುವ ಹೊಣೆ ಸಾಮಾನ್ಯವಾಗಿ ಮೂವರು ತರುಣ ಅಧಿಕಾರಿಗಳದು. ರಾಜಕೀಯದಲ್ಲಿ ಮೇಲೇರಲು ಬಯಸುವ ಇವರು ತಮ್ಮ ಮನೆತನದ ಹಿರಿಮೆಯನ್ನು ಸಾರುವ ದೇವತೆಗಳನ್ನೂ ಘಟನೆಗಳನ್ನೂ ನಾಣ್ಯಕ್ಕೆ ತರಲಾರಂಭಿಸಿದರು. ಕ್ರಿ.ಪೂ. 54ರಲ್ಲಿ ಹೀಗೆ ಅಧಿಕಾರಿಯಾಗಿದ್ದವರಲ್ಲಿ ಮಾರ್ಕಸ್ ಬ್ರೂಟಸ್ ಒಬ್ಬ. ಅವನು ಆರಿಸಿಕೊಂಡದ್ದು ಲಿಬರ್ಟಾಸ್ ದೇವಿಯನ್ನು, ಎಂದರೆ ಸ್ವಾತಂತ್ರ್ಯದೇವಿಯನ್ನು. ಹಿಮ್ಮುಖದಲ್ಲಿ, ರೋಮಿನ ಕೊನೆಯ ರಾಜನನ್ನು ಓಡಿಸಿದನೆಂದು ಹೆಸರಾದ ತನ್ನ ಪೂರ್ವಜನ ಚಿತ್ರವನ್ನು ಹಾಕಿಸಿದ.

ಹತ್ತು ವರ್ಷ ಕಳೆಯಿತು. ಕ್ರಿ.ಪೂ. 44ರ ಆರಂಭದಲ್ಲಿ ರೋಮಿನ ಟಂಕಸಾಲೆಯಿಂದ ಹೊರಬಂದ ಡಿನೇರಿಯಸ್‌ನ ಮುಮ್ಮುಖದಲ್ಲಿ ಜೂಲಿಯಸ್ ಸೀಸರನ ಮುಖವಿತ್ತು. ಬದುಕಿರುವ ರೋಮನ್ನನೊಬ್ಬನ ಮುಖ ಆ ಟಂಕಸಾಲೆಯ ನಾಣ್ಯದ ಮೇಲೆ ಬಂದದ್ದು ಅದೇ ಮೊದಲು. ತನ್ನ ವಂಶದ ಮೂಲ ವೀನಸ್ ದೇವಿಯೆಂದು ಸೀಸರ್ ಹೇಳಿಕೊಳ್ಳುತ್ತಿದ್ದ. ಆ ವೀನಸ್ ಈಗ ನಾಣ್ಯದ ಹಿಂಭಾಗಕ್ಕೆ ಹೋದಳು. ದೇವಿ ಹಿಂದಕ್ಕೆ, ಮನುಷ್ಯ ಮುಂದಕ್ಕೆ! ಅದೇ ವರ್ಷ ಮಾರ್ಚ್ 15ರಂದು ಸೀಸರನ ಕೊಲೆಯಾಯಿತು. ಕೊಂದವರಲ್ಲಿ ಬ್ರೂಟಸನೂ ಇದ್ದ.

ಮುಂದಿನದು ಇನ್ನೂ ಸ್ವಾರಸ್ಯಕರ. ಕ್ರಿ.ಪೂ. 43-42ರಲ್ಲಿ ತನ್ನ ಸೈನ್ಯಕ್ಕಾಗಿ ಬ್ರೂಟಸ್ ಹೊಡೆಸಿದ ಬೆಳ್ಳಿ ನಾಣ್ಯದಲ್ಲಿ ಎರಡು ಕಠಾರಿಗಳಿವೆ, ಅವುಗಳ ನಡುವೆ ಒಂದು ಟೋಪಿಯಿದೆ. ಅದು ಬಿಡುಗಡೆ ಪಡೆದ ಗುಲಾಮರು ಧರಿಸುತ್ತಿದ್ದ ಟೋಪಿ, ಸ್ವಾತಂತ್ರ್ಯದೇವಿಯ ಗುರುತು. ಮುಮ್ಮುಖದಲ್ಲಿ ಯಾರಿದ್ದಾರೆ? ಲಿಬರ್ಟಾಸ್ ಇಲ್ಲ. ಅಲ್ಲಿರುವುದು ಬ್ರೂಟಸನ ಸ್ವಂತ ಮುಖ! ಹನ್ನೆರಡು ವರ್ಷದ ಹಿಂದೆ ದೇವಿಯನ್ನು ಮುಂದಿಟ್ಟವನು ಈಗ ತಾನೇ ಅವಳ ಜಾಗದಲ್ಲಿ ನಿಂತಿದ್ದ. ಗಣರಾಜ್ಯ ಹೇಗೆ ಕುಸಿಯಿತೆಂದು ತಿಳಿಯಲು ದಪ್ಪ ಪುಸ್ತಕಗಳನ್ನು ಓದಬೇಕು, ನಿಜ. ಆದರೆ ಈ ಮೂರು ನಾಣ್ಯಗಳನ್ನು ಸಾಲಾಗಿ ಇಟ್ಟು ನೋಡಿದರೂ ಕಥೆಯ ಎಳೆ ಕೈಗೆ ಸಿಗುತ್ತದೆ.

ಗುಣಗಳೇ ದೇವಿಯರು

ಚಕ್ರವರ್ತಿಗಳ ಕಾಲದಲ್ಲಿ ಈ ಪದ್ಧತಿ ಗಟ್ಟಿಯಾಯಿತು. ಮುಂದೆ ಚಕ್ರವರ್ತಿ, ಅಥವಾ ಅವನ ಪತ್ನಿ; ಹಿಂದೆ ಹೆಚ್ಚಾಗಿ ಒಬ್ಬ ದೇವಿ. ಈ ದೇವಿಯರಲ್ಲಿ ಹಲವರು ಪುರಾಣಕಥೆಗಳಿಂದ ಬಂದವರಲ್ಲ. ಒಂದೊಂದು ಗುಣವೇ ಸ್ತ್ರೀರೂಪ ತಾಳಿದ್ದು. ನಮಗಿದು ಹೊಸದೇನಲ್ಲ. ಶ್ರೀ, ಕೀರ್ತಿ, ಮೇಧೆ, ಕ್ಷಮೆ ಇವುಗಳನ್ನು ಸ್ತ್ರೀರೂಪದಲ್ಲಿ ಕಾಣುವ ವಾಡಿಕೆ ನಮ್ಮಲ್ಲಿಯೂ ಇದೆ. ರೋಮನ್ನರು ಇಂಥ ಗುಣಗಳಿಗೆ ದೇವಾಲಯಗಳನ್ನೂ ಕಟ್ಟಿ ಪೂಜಿಸಿದರು.

ಇವರನ್ನು ಗುರುತಿಸುವುದು ಕಷ್ಟವಲ್ಲ. ನಮ್ಮ ದೇವಾಲಯಗಳ ಶಿಲ್ಪದಲ್ಲಿ ವೀಣೆ ಕಂಡರೆ ಸರಸ್ವತಿ ಎನ್ನುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ, ಕೈಯಲ್ಲಿ ಏನಿದೆ ಎಂದು ನೋಡಬೇಕು. ಆಲಿವ್ ಕೊಂಬೆ ಹಿಡಿದವಳು ಪಾಕ್ಸ್, ಶಾಂತಿ. ಹಾವಿಗೆ ಉಣಿಸುತ್ತಿರುವವಳು ಸಾಲುಸ್, ಆರೋಗ್ಯ ಮತ್ತು ಕ್ಷೇಮ. ಹಡಗಿನ ಚುಕ್ಕಾಣಿ ಹಿಡಿದವಳು ಫಾರ್ಚೂನಾ, ಅದೃಷ್ಟ. ಬದುಕಿನ ದಿಕ್ಕು ತಿರುಗಿಸುವವಳು ಅವಳು. ರೆಕ್ಕೆ ಮತ್ತು ಹೂಮಾಲೆ ಇದ್ದರೆ ವಿಕ್ಟೋರಿಯಾ, ಜಯ. ಹಣ್ಣು ಧಾನ್ಯಗಳು ತುಂಬಿ ತುಳುಕುವ ಕೊಂಬಿನ ಜೊತೆಗೆ ತಕ್ಕಡಿಯನ್ನೂ ಹಿಡಿದವಳು ಈಕ್ವಿಟಾಸ್ ಅಥವಾ ಮೊನೇಟಾ. ಈಕ್ವಿಟಾಸ್ ಎಂದರೆ ನ್ಯಾಯವಾದ ಅಳತೆ. ಇವರಿಬ್ಬರೂ ನೋಡಲು ಒಂದೇ ರೀತಿ. ಪಕ್ಕದ ಅಕ್ಷರಗಳನ್ನು ಓದಿಯೇ ಹೇಳಬೇಕು.

ಪತ್ರಿಕೆ, ಆಕಾಶವಾಣಿ, ದೂರದರ್ಶನ ಯಾವುದೂ ಇಲ್ಲದ ಕಾಲವದು. ಆಗಸ್ಟಸನ ಕಾಲದಲ್ಲಿ ಒಬ್ಬ ಕಾಲಾಳು ಸೈನಿಕನ ವರ್ಷದ ಸಂಬಳ 225 ಡಿನೇರಿಯಸ್. ಆ ಸಂಬಳ ಗಡಿಯ ಪಾಳೆಯಕ್ಕೆ ಹೋಗುತ್ತಿತ್ತು. ಅಲ್ಲಿಂದ ಹೆಂಡದಂಗಡಿಗೆ, ರೊಟ್ಟಿಯಂಗಡಿಗೆ, ಸಂತೆಗೆ. ಚಕ್ರವರ್ತಿಯನ್ನು ಎಂದೂ ಕಾಣದ ಲಕ್ಷಾಂತರ ಜನರ ಅಂಗೈಗೆ ಅವನ ಮುಖ, ಅವನ ಮಾತು ತಲುಪುತ್ತಿತ್ತು. ಅಕ್ಷರ ಬಾರದವನಿಗೂ ಆಲಿವ್ ಕೊಂಬೆ ಅರ್ಥವಾಗುತ್ತಿತ್ತು. ಪ್ರಸಾರ ಮಾಧ್ಯಮದಲ್ಲಿ ದುಡಿಯುವ ನನಗೆ ಇದನ್ನು ಕಂಡು ಬೆರಗಾಗುತ್ತದೆ. ಜೊತೆಗೆ ಒಂದು ಅನುಮಾನವೂ ಹುಟ್ಟುತ್ತದೆ: ಹೇಳಿದ್ದೆಲ್ಲ ನಿಜವಾಗಿತ್ತೇ?

ಒಂದು ಉದಾಹರಣೆ ನೋಡೋಣ. ಕ್ರಿ.ಶ. 202ರಲ್ಲಿ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸನ ಮಗ ಕ್ಯಾರಕಲ್ಲಾನಿಗೆ ಪ್ಲಾಟಿಲ್ಲಾ ಎಂಬಾಕೆಯೊಡನೆ ಮದುವೆಯಾಯಿತು. ಪ್ಲಾಟಿಲ್ಲಾಳ ಬೆಳ್ಳಿ ನಾಣ್ಯಗಳ ಹಿಂಭಾಗದಲ್ಲಿ ಕಾಂಕಾರ್ಡಿಯಾ, ಎಂದರೆ ಸಾಮರಸ್ಯದ ದೇವಿ ನಿಂತಿದ್ದಾಳೆ. ಇನ್ನೊಂದು ನಾಣ್ಯದಲ್ಲಿ ದಂಪತಿಗಳು ಕೈಹಿಡಿದು ನಿಂತಿದ್ದಾರೆ. ಸುತ್ತಲೂ ‘ಶಾಶ್ವತ ಸಾಮರಸ್ಯಕ್ಕೆ’ ಎಂಬ ಬರಹ. ಇತಿಹಾಸ ಹೇಳುವುದೇ ಬೇರೆ. ಕ್ಯಾರಕಲ್ಲಾನಿಗೆ ಈ ಮದುವೆ ಬೇಡವಾಗಿತ್ತು. 205ರಲ್ಲಿ ಆಕೆಯ ತಂದೆಯ ಕೊಲೆಯಾಯಿತು. ಆಕೆಯನ್ನು ದ್ವೀಪವೊಂದಕ್ಕೆ ಗಡೀಪಾರು ಮಾಡಿದರು. 211ರಲ್ಲಿ ಸೆವೆರಸ್ ತೀರಿಕೊಂಡ ಮೇಲೆ ಕ್ಯಾರಕಲ್ಲಾ ಆಕೆಯನ್ನು ಕೊಲ್ಲಿಸಿದ. ಶಾಶ್ವತವಾಗಿ ಉಳಿದದ್ದು ನಾಣ್ಯ ಮಾತ್ರ.

ಆದ್ದರಿಂದ ದೇವಿಯ ಹೆಸರನ್ನು ಓದಿದಾಗ ‘ಆಗ ಶಾಂತಿಯಿತ್ತು, ಸಾಮರಸ್ಯವಿತ್ತು’ ಎಂದು ಬರೆದುಕೊಳ್ಳಬೇಡಿ. ‘ಜನರು ಹಾಗೆ ನಂಬಬೇಕೆಂದು ಅರಮನೆ ಬಯಸಿತ್ತು’ ಎಂದು ಬರೆದುಕೊಳ್ಳಿ. ಇವೆರಡರ ನಡುವಿನ ಅಂತರವನ್ನು ಅಳೆಯಲು ಒಂದು ಉಪಾಯವಿದೆ. ಅದು ನಾಣ್ಯದೊಳಗೇ ಇದೆ.

ಸಮುದ್ರ ದಾಟಿ ಬಂದ ದೇವಿ

ರೋಮಿನ ಲೇಖಕ ಪ್ಲಿನಿ ಒಂದು ಪ್ರಸಂಗ ಹೇಳುತ್ತಾನೆ. ಚಕ್ರವರ್ತಿ ಕ್ಲಾಡಿಯಸನ ಕಾಲದಲ್ಲಿ ರೋಮಿನ ತೆರಿಗೆ ಗುತ್ತಿಗೆದಾರನೊಬ್ಬನ ಕಡೆಯವನು ಬಿರುಗಾಳಿಗೆ ಸಿಕ್ಕಿ ಸಿಂಹಳ ದ್ವೀಪ ಸೇರಿದ. ಅವನ ಬಳಿಯಿದ್ದ ಡಿನೇರಿಯಸ್‌ಗಳನ್ನು ಅಲ್ಲಿನ ರಾಜ ಪರೀಕ್ಷಿಸಿದ. ಮುಖಗಳು ಬೇರೆ ಬೇರೆ. ಎಂದರೆ ಬೇರೆ ಬೇರೆ ದೊರೆಗಳು ಹೊಡೆಸಿದವು. ಆದರೂ ಎಲ್ಲದರ ತೂಕ ಒಂದೇ! ಇದನ್ನು ಕಂಡು ರಾಜ ರೋಮನ್ನರ ಪ್ರಾಮಾಣಿಕತೆಯನ್ನು ಮೆಚ್ಚಿದನಂತೆ. ಕಥೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಅದರ ತಿರುಳು ಗಮನಾರ್ಹ. ರಾಜನಿಗೆ ಮೆಚ್ಚುಗೆಯಾದದ್ದು ನಾಣ್ಯದ ಮೇಲಿನ ಚಿತ್ರವಲ್ಲ, ತೂಕ.

ದಕ್ಷಿಣ ಭಾರತದ ವ್ಯಾಪಾರಿಗಳೂ ಹಾಗೆಯೇ ನೋಡಿರಬೇಕು. ಮಾನ್ಸೂನ್ ಗಾಳಿಯ ನೆರವಿನಿಂದ ಕೆಂಪು ಸಮುದ್ರದ ಕಡೆಯಿಂದ ಬರುತ್ತಿದ್ದ ಹಡಗುಗಳು ಮೆಣಸು, ಮುತ್ತು, ರತ್ನದ ಕಲ್ಲು, ನವಿರಾದ ಬಟ್ಟೆಗಳನ್ನು ಕೊಂಡು ಬೆಳ್ಳಿ, ಚಿನ್ನದ ನಾಣ್ಯಗಳನ್ನು ಬಿಟ್ಟುಹೋಗುತ್ತಿದ್ದವು. ಆ ನಾಣ್ಯಗಳು ನಮ್ಮ ನೆಲದಲ್ಲೂ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ 163 ಬೆಳ್ಳಿ ನಾಣ್ಯಗಳು ದೊರೆತವು. 1965ರಲ್ಲಿ ಎಚ್.ಎ.ಎಲ್. ವಿಮಾನ ನಿಲ್ದಾಣದ ಬಳಿ 256 ದೊರೆತವು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿ ನಡೆದ ಉತ್ಖನನಗಳಲ್ಲೂ ಶಾತವಾಹನರ ನಾಣ್ಯಗಳ ಜೊತೆಗೆ ಆಗಸ್ಟಸ್ ಮತ್ತು ಟೈಬೀರಿಯಸ್ ಚಕ್ರವರ್ತಿಗಳ ಡಿನೇರಿಯಸ್‌ಗಳು ಕಂಡುಬಂದವು.

ದಕ್ಷಿಣ ಭಾರತದಲ್ಲಿ ತುಂಬ ಹೆಚ್ಚಾಗಿ ಸಿಗುವ ನಾಣ್ಯಗಳಲ್ಲಿ ಒಂದು, ಕ್ರಿ.ಶ. 14ರಿಂದ 37ರವರೆಗೆ ಆಳಿದ ಟೈಬೀರಿಯಸನದು. ಅದರ ಹಿಂಭಾಗದಲ್ಲಿ ಪೀಠದ ಮೇಲೆ ಕುಳಿತ ಒಬ್ಬ ಸ್ತ್ರೀ. ಒಂದು ಕೈಯಲ್ಲಿ ಉದ್ದನೆಯ ದಂಡ, ಇನ್ನೊಂದರಲ್ಲಿ ಕೊಂಬೆ. ಸುತ್ತಲಿನ ಅಕ್ಷರಗಳಲ್ಲಿ ಚಕ್ರವರ್ತಿಯ ಪ್ರಧಾನ ಪುರೋಹಿತ ಪದವಿಯನ್ನು ಹೇಳಿದೆಯೇ ಹೊರತು ಆ ಸ್ತ್ರೀಯ ಹೆಸರಿಲ್ಲ. ಕೊಂಬೆಯನ್ನು ನೋಡಿ ಶಾಂತಿದೇವಿ ಎನ್ನುತ್ತಾರೆ. ಟೈಬೀರಿಯಸನ ತಾಯಿ ಲಿವಿಯಾಳೇ ಶಾಂತಿದೇವಿಯ ರೂಪದಲ್ಲಿ ಕುಳಿತಿದ್ದಾಳೆ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಹೆಸರಿಲ್ಲದ ಈ ದೇವಿ ಅರಬ್ಬಿ ಸಮುದ್ರ ದಾಟಿ ಬೆಂಗಳೂರಿನ ಮಣ್ಣಿನವರೆಗೂ ಬಂದಳು. ಇಲ್ಲಿನವರು ಅವಳನ್ನು ಯಾರೆಂದು ತಿಳಿದರೋ! ಅವಳ ಬೆಳ್ಳಿಯನ್ನಂತೂ ನಂಬಿದರು.

ಕ್ರಿ.ಶ. 64ರ ಸುಮಾರಿಗೆ ನೀರೋ ಚಕ್ರವರ್ತಿ ಆ ನಂಬಿಕೆಗೆ ಪೆಟ್ಟು ಕೊಟ್ಟ. ಅದುವರೆಗೆ ಒಂದು ರೋಮನ್ ಪೌಂಡಿಗೆ, ಎಂದರೆ ಸುಮಾರು 325 ಗ್ರಾಂಗೆ, 84 ಡಿನೇರಿಯಸ್ ಹೊಡೆಯುತ್ತಿದ್ದರು. ಅವನು 96 ಹೊಡೆಸಿದ. ಬೆಳ್ಳಿಗೆ ತಾಮ್ರವನ್ನೂ ಬೆರೆಸಿದ. ಶುದ್ಧತೆ ಸುಮಾರು 80 ಶೇಕಡಕ್ಕೆ ಇಳಿಯಿತು. ನಮ್ಮಲ್ಲಿ ಸಿಕ್ಕಿರುವ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಬಹುಪಾಲು ನೀರೋನ ಈ ಬದಲಾವಣೆಗೆ ಮುಂಚಿನವು. ಜರ್ಮನ್ ಬುಡಕಟ್ಟಿನವರೂ ತಮಗೆ ಗೊತ್ತಿರುವ ಹಳೆಯ ಬೆಳ್ಳಿ ನಾಣ್ಯಗಳನ್ನೇ ಬಯಸುತ್ತಿದ್ದರೆಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ರೋಮಿನ ಆಜ್ಞೆ ನಡೆಯದ ಕಡೆ ಲೋಹದ ಮಾತೇ ನಡೆಯುತ್ತಿತ್ತು.

ಬೆಳ್ಳಗಿರುವುದೆಲ್ಲ ಬೆಳ್ಳಿಯಲ್ಲ

ಮುಂದೆ ಇಳಿತ ಹೆಚ್ಚಾಯಿತು. ಗಡಿಗಳಲ್ಲಿ ಯುದ್ಧ, ಸೈನಿಕರ ಸಂಬಳದ ಏರಿಕೆ, ಇವುಗಳಿಗೆಲ್ಲ ಬೆಳ್ಳಿ ಸಾಲದಾಯಿತು. 193ರಿಂದ 211ರವರೆಗೆ ಆಳಿದ ಸೆಪ್ಟಿಮಿಯಸ್ ಸೆವೆರಸನ ಕಾಲಕ್ಕೆ ಡಿನೇರಿಯಸ್‌ನಲ್ಲಿ ಉಳಿದ ಬೆಳ್ಳಿ ಸುಮಾರು ಅರ್ಧ. ಅವನ ನಾಣ್ಯಗಳ ಹಿಂಭಾಗದಲ್ಲಿ ಯಾರಿದ್ದಾರೆ ಗೊತ್ತೇ? ತಕ್ಕಡಿ ಹಿಡಿದ ಮೊನೇಟಾ! 215ರಲ್ಲಿ ಕ್ಯಾರಕಲ್ಲಾ ಒಂದು ಹೊಸ ನಾಣ್ಯ ತಂದ. ಅದರ ಬೆಲೆ ಎರಡು ಡಿನೇರಿಯಸ್ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ. ತೂಕ ಮಾತ್ರ ಸುಮಾರು ಒಂದೂವರೆಯಷ್ಟು.

260ರಲ್ಲಿ ಚಕ್ರವರ್ತಿ ವೆಲೇರಿಯನ್ ಪರ್ಷಿಯಾದ ದೊರೆ ಶಾಪುರನಿಗೆ ಸೆರೆಸಿಕ್ಕ. ಮಗ ಗ್ಯಾಲಿಯೀನಸ್ ಒಬ್ಬನೇ 268ರವರೆಗೆ ಆಳಿದ. ಸಾಮ್ರಾಜ್ಯದ ಒಂದೊಂದು ಭಾಗವೂ ಕೈತಪ್ಪುತ್ತಿದ್ದ ಕಾಲವದು. ಅವನ ನಾಣ್ಯಗಳ ಮೇಲಿನ ದೇವಿಯರನ್ನು ಓದಿ: ಶಾಶ್ವತ ಶಾಂತಿ, ಚಿರಕಾಲದ ಭದ್ರತೆ, ಸಮೃದ್ಧಿ, ಕ್ಷೇಮ, ನ್ಯಾಯವಾದ ಅಳತೆ! ಅವನ ಆಳ್ವಿಕೆಯ ಕೊನೆಯ ಹೊತ್ತಿಗೆ ಈ ‘ಬೆಳ್ಳಿ’ ನಾಣ್ಯದಲ್ಲಿದ್ದ ಬೆಳ್ಳಿ 5 ಶೇಕಡಕ್ಕಿಂತ ಕಡಿಮೆ. ಲೆಕ್ಕ ಹಾಕಿ ನೋಡಿ. ಆಗಸ್ಟಸನ ಒಂದು ನಾಣ್ಯದಲ್ಲಿ ಸುಮಾರು 3.7 ಗ್ರಾಂ ಬೆಳ್ಳಿಯಿತ್ತು. ಸುಮಾರು 3 ಗ್ರಾಂ ತೂಗುವ ಗ್ಯಾಲಿಯೀನಸನ ನಾಣ್ಯದಲ್ಲಿ 0.15 ಗ್ರಾಂ ಕೂಡ ಇಲ್ಲ. ಅಷ್ಟು ಬೆಳ್ಳಿ ಕೂಡಬೇಕಾದರೆ ಇಂಥವು ಇಪ್ಪತ್ತಕ್ಕೂ ಹೆಚ್ಚು ಬೇಕು.

ತಾಮ್ರವೇ ತುಂಬಿದ ನಾಣ್ಯ ಬೆಳ್ಳಗೆ ಕಾಣುತ್ತಿದ್ದುದು ಹೇಗೆ? ಇಲ್ಲಿ ರಸಾಯನಶಾಸ್ತ್ರದ ಕೈಚಳಕವಿದೆ. ಬೆಳ್ಳಿ-ತಾಮ್ರದ ಬಿಲ್ಲೆಯನ್ನು ಕಾಯಿಸಿದರೆ ಮೇಲ್ಮೈಯ ತಾಮ್ರ ಆಕ್ಸೈಡ್ ಆಗುತ್ತದೆ. ಹುಳಿ ದ್ರಾವಣದಲ್ಲಿ ಅದ್ದಿದರೆ ಆ ಆಕ್ಸೈಡ್ ಕರಗಿ, ಮೇಲೆ ಬೆಳ್ಳಿಯ ತೆಳುವಾದ ಪದರ ಉಳಿಯುತ್ತದೆ. ತಾಮ್ರದ ಪಾತ್ರೆಗೆ ಹುಣಸೆಹಣ್ಣು ಹಾಕಿ ತಿಕ್ಕುವಾಗ ನಡೆಯುವುದೂ ಇದೇ ಬಗೆಯ ಕ್ರಿಯೆ. ಬೆಳ್ಳಿಯ ಅಂಶ ತೀರಾ ಇಳಿದಾಗ ಹೊರಗಿನಿಂದಲೇ ಬೆಳ್ಳಿಯ ಲೇಪ ಕೊಡಬೇಕಾಯಿತು. ಹೊಸದಾಗಿ ಟಂಕಸಾಲೆಯಿಂದ ಬಂದಾಗ ದೇವಿ ಬೆಳ್ಳಗೆ ಹೊಳೆಯುತ್ತಿದ್ದಳು. ಕೈಯಿಂದ ಕೈಗೆ ಸವೆದಂತೆ ಮೊದಲು ಮೂಗಿನ ತುದಿ, ಆಮೇಲೆ ಕೆನ್ನೆ ಕೆಂಪಗಾಗುತ್ತಿತ್ತು.

ಈ ಪದರ ಇಂದಿನ ವಿಜ್ಞಾನಿಗಳನ್ನೂ ದಾರಿ ತಪ್ಪಿಸಿದ್ದುಂಟು. ಮೇಲ್ಮೈಯನ್ನಷ್ಟೇ ಪರೀಕ್ಷಿಸಿದ ಹಳೆಯ ವಿಶ್ಲೇಷಣೆಗಳು ಹಲವು ನಾಣ್ಯಗಳಲ್ಲಿ ನಿಜಕ್ಕಿಂತ ಹೆಚ್ಚು ಬೆಳ್ಳಿಯನ್ನು ತೋರಿಸಿದವು. ಕೆವಿನ್ ಬುಚರ್ ಮತ್ತು ಮ್ಯಾಥ್ಯೂ ಪಾಂಟಿಂಗ್ ಎಂಬ ಸಂಶೋಧಕರು ನಾಣ್ಯದ ಅಂಚಿನಲ್ಲಿ ಸೂಕ್ಷ್ಮವಾದ ರಂಧ್ರ ಕೊರೆದು, ಒಳಗಿನ ಲೋಹದ ಪುಡಿಯನ್ನು ಪರೀಕ್ಷಿಸಿದರು. ನೀರೋನ ನಾಣ್ಯದ 80 ಶೇಕಡ ಎಂಬ ಅಂಕಿ ಹೊರಬಂದದ್ದು ಹಾಗೆ.

ಎಚ್ಚರಿಸುವವಳು

ನನ್ನ ಅಜ್ಜಿಯ ಪೆಟ್ಟಿಗೆಯಲ್ಲಿ ಒಂದಷ್ಟು ಹಳೆಯ ರೂಪಾಯಿಗಳಿದ್ದವು. ವಿಕ್ಟೋರಿಯಾ ರಾಣಿಯ ಛಾಪಿನವು ದೇವರ ಪೆಟ್ಟಿಗೆಯಲ್ಲಿ, ಲಕ್ಷ್ಮೀಪೂಜೆಗೆ ಹೊರಬರುತ್ತಿದ್ದವು. ಯುದ್ಧಕಾಲದ ಆರನೆಯ ಜಾರ್ಜ್ ದೊರೆಯ ರೂಪಾಯಿಗಳಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕೇಳಿದರೆ ಎರಡನ್ನೂ ಕಲ್ಲುಹಾಸಿನ ಮೇಲೆ ಬೀಳಿಸಿ, ‘ಸದ್ದು ಕೇಳು’ ಎನ್ನುತ್ತಿದ್ದರು. ಅಜ್ಜಿ ಶಾಲೆಗೆ ಹೋದವರಲ್ಲ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು 91.7 ಶೇಕಡದಿಂದ 50ಕ್ಕೆ ಇಳಿಸಿದ್ದು ಅವರಿಗೆ ಅಂಕಿಗಳಲ್ಲಿ ಗೊತ್ತಿರಲಿಲ್ಲ, ಕಿವಿಗೆ ಗೊತ್ತಿತ್ತು. 1947ರಲ್ಲಿ ರೂಪಾಯಿ ನಿಕ್ಕಲ್‌ನದಾಯಿತು. ಒಳ್ಳೆಯ ನಾಣ್ಯವನ್ನು ಜನ ಬಚ್ಚಿಡುತ್ತಾರೆ, ಕೆಟ್ಟದ್ದನ್ನು ಖರ್ಚು ಮಾಡುತ್ತಾರೆ. ಅರ್ಥಶಾಸ್ತ್ರದಲ್ಲಿ ಇದನ್ನು ಗ್ರೆಶಾಮನ ನಿಯಮ ಎಂದು ಓದುತ್ತೀರಿ.

ಇಂದಿನ ನಮ್ಮ ಒಂದು ರೂಪಾಯಿ ನಾಣ್ಯ ಉಕ್ಕಿನದು. ಅದರಲ್ಲಿ ಮೋಸವೇನಿಲ್ಲ, ಅದು ತನ್ನನ್ನು ಬೆಳ್ಳಿ ಎಂದು ಹೇಳಿಕೊಳ್ಳುವುದಿಲ್ಲ. ಅದರ ಬೆಲೆ ನಿಂತಿರುವುದು ಕಾನೂನಿನ ಮೇಲೆ, ಜನರ ವಿಶ್ವಾಸದ ಮೇಲೆ. ಗ್ಯಾಲಿಯೀನಸನ ತಪ್ಪು ತಾಮ್ರವನ್ನು ಬಳಸಿದ್ದಷ್ಟೇ ಅಲ್ಲ. ತಾಮ್ರಕ್ಕೆ ಬೆಳ್ಳಿಯ ಬಣ್ಣ ಬಳಿದು, ಅದರ ಮೇಲೆ ತಕ್ಕಡಿ ಹಿಡಿದ ದೇವಿಯನ್ನು ನಿಲ್ಲಿಸಿ, ಆಣೆಯಿಟ್ಟಂತೆ ಮಾಡಿದ್ದು.

ಮುಂದೆ ನೀವು ವಸ್ತುಸಂಗ್ರಹಾಲಯಕ್ಕೆ ಹೋದಾಗ ನಾಣ್ಯಗಳ ಗಾಜಿನ ಪೆಟ್ಟಿಗೆಯನ್ನು ದಾಟಿ ಹೋಗಬೇಡಿ. ದೇವಿಯ ಕೈಯಲ್ಲಿ ಏನಿದೆ ನೋಡಿ. ಅವಳ ಹೆಸರನ್ನು ಓದಿ. ಬಳಿಕ ಪಕ್ಕದ ಚೀಟಿಯಲ್ಲಿ ತೂಕ, ಲೋಹದ ವಿವರ ಇದೆಯೇ ಹುಡುಕಿ. ಇಲ್ಲದಿದ್ದರೆ ಅಲ್ಲಿಯ ಅಧಿಕಾರಿಗಳನ್ನು ಕೇಳಿ, ಸಂಕೋಚ ಬೇಡ. ನಮ್ಮ ದೂರದರ್ಶನದ ಪರದೆಯ ಮೇಲೆ ಕಾಣುವುದನ್ನೂ ಹೀಗೆಯೇ ತೂಗಿ ನೋಡಿ ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ. ಮೊನೇಟಾ ಎಂದರೆ ಎಚ್ಚರಿಸುವವಳು ಎಂದು ಆರಂಭದಲ್ಲಿ ಹೇಳಿದೆನಲ್ಲ, ಅವಳು ಎಚ್ಚರಿಸುತ್ತಿರುವುದು ಇದನ್ನೇ.